ಕೆಟಲ್ ಗುಡ್ಡದ ಹಿಮಕ್ಕೆ ಕೌಂಟಿಗೆಲ್ಲ ರಜೆ ಕೊಡುವುದನ್ನು ನಿಲ್ಲಿಸುವ ಬಗ್ಗೆ

ಇಂದ,
ಎಮೊರಿ ಹಾಲ್ಸ್ಟೆಡ್,
ರಸಾಯನ ಪರೀಕ್ಷಕ, ಊರ ನೀರು ಶುದ್ಧೀಕರಣ ಘಟಕ.
ವಾಸ: ಕೆಟಲ್ ಗುಡ್ಡದ ತುದಿ (ಅಲ್ಲಿ ಬೇರೆ ಮನೆ ಇಲ್ಲ, ಆದ್ದರಿಂದ ಸಂಖ್ಯೆ ಬೇಕಿಲ್ಲ).

ಗೆ,
ಅಧ್ಯಕ್ಷರು, ಶಿಕ್ಷಣ ಮಂಡಳಿ,
ಟ್ಯಾನರ್ ಫೋರ್ಕ್ ಕೌಂಟಿ.

(ಪ್ರತಿ: ಕೌಂಟಿ ಕಾಲೇಜಿನ ಪ್ರಾಂಶುಪಾಲರು ಮತ್ತು ಕೌಂಟಿ ಗ್ರಂಥಾಲಯಗಳ ಮುಖ್ಯಸ್ಥರು. ತಮ್ಮನ್ನು ಕೇಳದೆ ಇಬ್ಬರೂ ಬಾಗಿಲು ತೆರೆಯುವುದಿಲ್ಲವಾದ ಕಾರಣ ಅವರು ಓದಿದರೆ ಸಾಕು, ಉತ್ತರಿಸಬೇಕಿಲ್ಲ.)

ವಿಷಯ: ನಮ್ಮ ಗುಡ್ಡದ ರಸ್ತೆಯನ್ನು ಹಿಮಪರೀಕ್ಷೆಯ ಪಟ್ಟಿಯಿಂದ ಕೈಬಿಡುವ ಕುರಿತು.

ಉಲ್ಲೇಖ: 1. ಇದೇ ವಿಷಯದಲ್ಲಿ ನಾನು ಹಿಂದೆ ಸಲ್ಲಿಸಿದ ಅರ್ಜಿಗಳು. 2. ಅವುಗಳಿಗೆ ತಮ್ಮ ಕಚೇರಿಯಿಂದ ಬಾರದ ಉತ್ತರಗಳು.

ಮಾನ್ಯರೇ,

ಕಿಟಕಿಯಾಚೆ ಇನ್ನೂ ಹಿಮ ಬೀಳುತ್ತಿಲ್ಲ. ಆದ್ದರಿಂದ ತಮ್ಮ ಕಚೇರಿ ಇಂದು ತೆರೆದಿರುವ ಸಂಭವವಿದೆ. ಆ ಕಾರಣ ಈ ಅರ್ಜಿಯನ್ನು ಇಂದೇ ಬರೆದು ಖುದ್ದಾಗಿ ತಂದು ಕೊಡುತ್ತಿದ್ದೇನೆ.

1. ಹಿಮ ಬಿದ್ದ ಬೆಳಗುಗಳಲ್ಲಿ ಶಾಲಾ ಬಸ್ಸು ಓಡಬಹುದೇ ಎಂದು ತಿಳಿಯಲು ಮಂಡಳಿಯು ಕಡಿದಾದ ಕೆಲವು ರಸ್ತೆಗಳನ್ನು ಗುರುತಿಸಿದೆ. ಪ್ರತಿ ರಸ್ತೆಗೂ ಒಬ್ಬ ಪರಿಶೀಲಕರು ನಸುಕಿನಲ್ಲೇ ಹೋಗಿ ನೋಡುತ್ತಾರೆ. ಯಾವುದಾದರೂ ಒಂದು ರಸ್ತೆಯಿಂದ ಐದೂವರೆಯೊಳಗೆ ‘ಬಸ್ಸು ಹತ್ತದು’ ಎಂದು ಫೋನ್ ಬಂದರೆ ಕೌಂಟಿಯ ಎಲ್ಲ ಶಾಲೆಗಳಿಗೂ ರಜೆ. ಫೋನ್ ಬಾರದಿದ್ದರೆ ಎಲ್ಲವೂ ಎಂದಿನಂತೆ. ಶಾಲೆಗೆ ರಜೆಯಾದರೆ, ಒಂದೂ ಬಸ್ಸಿಲ್ಲದ ಕಾಲೇಜಿಗೂ ರಜೆ. ಕಾಲೇಜಿಗೆ ರಜೆಯಾದರೆ ಗ್ರಂಥಾಲಯಗಳಿಗೂ ಬೀಗ. ಕಾರಣ ಕೇಳಿದಾಗ ಗ್ರಂಥಾಲಯದವರು ‘ಮೊದಲಿನಿಂದಲೂ ಹಾಗೇ’ ಎಂದರು.

2. ನಮ್ಮ ರಸ್ತೆ ಆ ಪಟ್ಟಿಗೆ ಸೇರಿದ್ದು ನಮ್ಮ ಮಗಳು ನಾರೀನ್ ಶಾಲಾ ಬಸ್ಸಿನಲ್ಲಿ ಹೋಗುತ್ತಿದ್ದ ಕಾಲದಲ್ಲಿ. ಈಗ ಅವಳ ಮಗನೇ ಬೇರೊಂದು ರಾಜ್ಯದಲ್ಲಿ ಶಾಲಾ ಬಸ್ಸು ಹತ್ತುತ್ತಿದ್ದಾನೆ. ಗುಡ್ಡದ ಮೇಲೆ ಉಳಿದಿರುವುದು ನಾನು, ನನ್ನ ಪತ್ನಿ ವರ್ನಾ ಮತ್ತು ಓದುವ ಉದ್ದೇಶವಿಲ್ಲದ ಒಂದು ನಾಯಿ. ಬಸ್ಸು ಇತ್ತ ಬರುವುದನ್ನು ನಿಲ್ಲಿಸಿ ವರ್ಷಗಳಾದವು. ಪರಿಶೀಲನೆ ಮಾತ್ರ ನಿಂತಿಲ್ಲ.

3. ನಮ್ಮ ರಸ್ತೆಯ ಪರಿಶೀಲಕರು ಶ್ರೀ ಲೊವೆಲ್ ಕ್ರೈಡರ್. ಒಳ್ಳೆಯ ಮನುಷ್ಯ. ಗುಡ್ಡದಲ್ಲಿ ಮೊಬೈಲು ಹಿಡಿಯದ ಕಾರಣ ನಮ್ಮ ಅಡುಗೆಮನೆಯ ಗೋಡೆಯಲ್ಲಿರುವ ಫೋನಿನಿಂದಲೇ ತಮಗೆ ವರದಿ ಒಪ್ಪಿಸುತ್ತಾರೆ. ಕಳೆದ ಸಲ ಅವರು ನಮ್ಮ ಮೇಜಿನ ಮುಂದೆ ಕೂತು, ಎರಡು ಚಮಚ ಸಕ್ಕರೆಯ ಕಾಫಿ ಕುಡಿಯುತ್ತ, “ಹತ್ತಲ್ಲ ಅಂತ ಬರ್ಕೊಳ್ಳಿ” ಎಂದು ಫೋನಿಗೆ ಹೇಳಿ ಸೇಬಿನ ಕೇಕಿಗೆ ಕೈ ಚಾಚಿದರು.

“ನೀನೇ ಹತ್ತಿ ಬಂದಿದ್ದೀಯಲ್ಲ, ಲೊವೆಲ್,” ಎಂದೆ.

“ನಾನು ಬಂದಿದ್ದು ಜೀಪಲ್ಲಿ. ಬಸ್ಸು ಹತ್ತಲ್ಲ.”

“ಇಲ್ಲಿಗೆ ಬಸ್ಸೇ ಬರಲ್ಲ.”

“ಬಂದ್ರೆ ಹತ್ತಲ್ಲ. ಅವರು ಕೇಳೋದು ಅಷ್ಟೇ.”

“ಯಾರನ್ನ ಕರ್ಕೊಂಡು ಹೋಗೋಕೆ ಬರುತ್ತೆ?”

“ಅದನ್ನ ಬಸ್ಸಿನವರನ್ನ ಕೇಳು ಮಾರಾಯ. ನಂದು ಬರೀ ರಸ್ತೆ.”

ವರ್ನಾ ಅವರ ತಟ್ಟೆಗೆ ಕೇಕಿನ ಮತ್ತೊಂದು ತುಂಡು ಹಾಕಿದಳು. “ತಿನ್ನು ಲೊವೆಲ್. ಇವತ್ತು ಕಾಲೇಜಲ್ಲಿರೋ ನನ್ನ ಪರೀಕ್ಷೆ ಹಾಳ್ಮಾಡೋಕೆ ಶಕ್ತಿ ಬೇಕಲ್ಲ.”

“ನಂಗೇನು ಖುಷಿನಾ ವರ್ನಾ? ಹತ್ತುತ್ತೆ ಅಂತ ಹೇಳ್ಬಿಟ್ಟು, ಬಸ್ಸು ಜಾರಿದ್ರೆ?”

“ಯಾವ ಬಸ್ಸು?”

“ಅದೇ,” ಎಂದು ಹೇಳಿ ಅವರು ಟೋಪಿ ಹಾಕಿಕೊಂಡು ಜೀಪಿನಲ್ಲಿ ಸರಾಗವಾಗಿ ಇಳಿದು ಹೋದರು.

4. ವರ್ನಾ ಪ್ರಾಥಮಿಕ ಶಾಲೆಯಲ್ಲಿ ಅಡುಗೆ ಮಾಡುತ್ತಾಳೆ. ಸಂಜೆ ಕೌಂಟಿ ಕಾಲೇಜಿನಲ್ಲಿ ದಾದಿಯರ ಸಹಾಯಕಿಯ ತರಬೇತಿ ಪಡೆದಿದ್ದಾಳೆ. ಉಳಿದಿರುವುದು ಪ್ರಾಯೋಗಿಕ ಪರೀಕ್ಷೆ ಮಾತ್ರ. ಅದು ನಮ್ಮ ಗುಡ್ಡದ ಕಾರಣ ಎರಡು ಸಲ ರದ್ದಾಗಿದೆ. ಮೂರನೆಯ ಮತ್ತು ಕೊನೆಯ ಅವಕಾಶ ಬರುವ ಗುರುವಾರ. ಅದೂ ತಪ್ಪಿದರೆ ಇಡೀ ತರಬೇತಿಯನ್ನು ಮೊದಲಿನಿಂದ ಮಾಡಬೇಕು. ಆಸ್ಪತ್ರೆಯವರು ಆಕೆಗಾಗಿ ಕಾಯ್ದಿಟ್ಟಿರುವ ಕೆಲಸ ಬೇರೆಯವರ ಪಾಲಾಗುತ್ತದೆ. ಅಭ್ಯಾಸಕ್ಕಾಗಿ ಆಕೆ ದಿನವೂ ನನ್ನ ರಕ್ತದೊತ್ತಡ ನೋಡುತ್ತಾಳೆ. “ಕೈ ಸಡಿಲ ಬಿಡು, ಎಮೊರಿ. ಮಂಡಳಿ ಬಗ್ಗೆ ಯೋಚಿಸ್ಬೇಡ, ಏರುತ್ತೆ,” ಎನ್ನುತ್ತಾಳೆ. ಏರುತ್ತದೆ.

5. ಊರಿನ ಮಕ್ಕಳು ನನ್ನನ್ನು ಕಂಡರೆ ಕೈಬೀಸುತ್ತಾರೆ. ದೊಡ್ಡವರು ಬೀಸುವುದಿಲ್ಲ. “ನಿನ್ನ ಗುಡ್ಡಕ್ಕೆ ಸ್ವಲ್ಪ ಬುದ್ಧಿ ಹೇಳಪ್ಪ, ಮನೇಲಿ ಮೂರು ಹುಡುಗರು ಕೂತಿದ್ದಾವೆ,” ಎಂದು ಔಷಧಿ ಅಂಗಡಿಯಾಕೆ ಎಲ್ಲರೆದುರು ಹೇಳಿದರು. ರಜೆಯ ದಿನ ವರ್ನಾ ಮಾಡಬೇಕಿದ್ದ ಸಾರು ಆಗುವುದಿಲ್ಲ. ದಿನಕ್ಕೆ ಅದೊಂದೇ ಬಿಸಿ ಊಟ ಸಿಗುವ ಮಕ್ಕಳು ಯಾರು ಯಾರೆಂದು ಆಕೆಗೆ ಗೊತ್ತು. ಮನೆಯಲ್ಲಿ ಒಲೆ ಉರಿಸಲಾಗದವರು ಬೆಚ್ಚಗೆ ಕೂರುವ ಗ್ರಂಥಾಲಯವೂ ಆ ದಿನವೇ ಮುಚ್ಚಿರುತ್ತದೆ. ಚಳಿ ಹೆಚ್ಚಾದ ದಿನ ಬೆಚ್ಚಗಿನ ಜಾಗಕ್ಕೆ ಬೀಗ ಹಾಕುವ ಈ ಏರ್ಪಾಡಿನಲ್ಲಿ ಒಂದು ಕ್ರಮಬದ್ಧತೆ ಇದೆ ಎಂಬುದನ್ನು ಒಪ್ಪುತ್ತೇನೆ. ಆದರೆ ನನ್ನ ವೃತ್ತಿಯಲ್ಲಿ, ಯಾರೂ ವಾಸವಿಲ್ಲದ ಮನೆಯ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು, ಕೆಸರಿದೆ ಎಂದು ಊರಿಗೆಲ್ಲ ನೀರು ನಿಲ್ಲಿಸಿದರೆ ಕೆಲಸದಿಂದ ತೆಗೆಯುತ್ತಾರೆ.

6. ಪಟ್ಟಿಯಿಂದ ರಸ್ತೆಯನ್ನು ಕೈಬಿಡಲು ಸಾರ್ವಜನಿಕ ಸಭೆ ಆಗಬೇಕು. ಸಭೆಯನ್ನು ಈ ಚಳಿಗಾಲದಲ್ಲಿ ಗ್ರಂಥಾಲಯದಲ್ಲಿ ಕರೆಯಲಾಗಿತ್ತು. ನಾನು ಹೋದಾಗ ತಮ್ಮ ಕಾರ್ಯದರ್ಶಿ ಶ್ರೀಮತಿ ಆರ್ಡಿತ್ ಫಂಕ್ ಬಾಗಿಲಿಗೆ ಚೀಟಿ ಅಂಟಿಸುತ್ತಿದ್ದರು.

“ಸಭೆ ಇಲ್ಲ ಸರ್. ಕೆಟಲ್ ಗುಡ್ಡದಲ್ಲಿ ಹಿಮ ಅಂತೆ.”

“ನಾನು ಆ ಗುಡ್ಡದಿಂದಲೇ ಬರ್ತಿದ್ದೀನಿ.”

“ಹಾಗಾದ್ರೆ ನಿಮಗೇ ಗೊತ್ತಿರಬೇಕಲ್ಲ.”

“ಬೇಸಿಗೇಲಿ ಇಡಬಹುದಲ್ಲ ಸಭೆ?”

“ಹಿಮದ ವಿಷಯ ಹಿಮದ ಕಾಲದಲ್ಲೇ ಕೇಳ್ಬೇಕು ಅಂತ ನಿಯಮ. ಬೇಸಿಗೇಲಿ ಸದಸ್ಯರಿಗೆ ಅದು ಮನಸ್ಸಿಗೆ ಹತ್ತಲ್ಲ.”

ಅಲ್ಲಿಂದ ಮರಳುವಾಗ ಪ್ರೌಢಶಾಲೆಯ ಕ್ರೀಡಾಂಗಣದಲ್ಲಿ ದೀಪ ಕಂಡಿತು. ಬಾಸ್ಕೆಟ್‌ಬಾಲ್ ಪಂದ್ಯ. ಕ್ರೀಡಾ ಸಮಿತಿಗೆ ಈ ಪಟ್ಟಿ ಅನ್ವಯಿಸುವುದಿಲ್ಲವಂತೆ. ಎದುರಾಳಿ ತಂಡವು ಶಾಲಾ ಬಸ್ಸಿನಲ್ಲೇ ಬಂದಿತ್ತು. ತಾವು ಮೊದಲ ಸಾಲಿನಲ್ಲಿ ಕೂತಿದ್ದಿರಿ. ನಮ್ಮವರು ಸೋತದ್ದಕ್ಕೆ ವಿಷಾದಿಸುತ್ತೇನೆ.

ಈ ಎಲ್ಲ ಕಾರಣಗಳಿಂದ ನಮ್ಮ ರಸ್ತೆಯನ್ನು ಪಟ್ಟಿಯಿಂದ ಕೈಬಿಡಬೇಕಾಗಿ ಕೋರುತ್ತೇನೆ. ಸಭೆ ಇಲ್ಲದೆ ಅದು ಸಾಧ್ಯವಿಲ್ಲವಾದ್ದರಿಂದ, ಸಭೆಯನ್ನು ನಮ್ಮ ಅಡುಗೆಮನೆಯಲ್ಲೇ ನಡೆಸಬಹುದು. ಹಿಮ ಬಿದ್ದ ಪ್ರತಿ ದಿನವೂ ಮಂಡಳಿಯ ಪ್ರತಿನಿಧಿ ತಪ್ಪದೆ ತಲುಪಿರುವ ಜಾಗ ಕೌಂಟಿಯಲ್ಲಿ ಅದೊಂದೇ ಎಂದು ಕಾಣುತ್ತದೆ.

ಇವೆರಡೂ ಗುರುವಾರದೊಳಗೆ ಆಗವು ಎಂಬುದನ್ನು ಬಲ್ಲೆ. ಬುಧವಾರ ರಾತ್ರಿ ಹಿಮ ಬೀಳುವುದೆಂದು ಹವಾಮಾನದವರು ಹೇಳಿದ್ದಾರೆ. ಆದ್ದರಿಂದ ತಮ್ಮ ಮಾಹಿತಿಗಾಗಿ: ಗುರುವಾರ ಬೆಳಗ್ಗೆ ನಮ್ಮ ಅಡುಗೆಮನೆಯ ಫೋನು ಕೆಲಸ ಮಾಡುವುದಿಲ್ಲ. ಆ ಹೊತ್ತಿಗೆ ನಾವಿಬ್ಬರೂ ಗುಡ್ಡ ಇಳಿದು ಕಾಲೇಜಿನ ಬಾಗಿಲಲ್ಲಿರುತ್ತೇವೆ. ಶ್ರೀ ಕ್ರೈಡರ್ ಕೆಳಗಿಳಿದು ಬೇರೆ ಫೋನು ಹುಡುಕುವಷ್ಟರಲ್ಲಿ ಐದೂವರೆ ದಾಟಿರುತ್ತದೆ. ಬೇರೆ ರಸ್ತೆಗಳು ನಿಜವಾಗಿ ಹೆಪ್ಪುಗಟ್ಟಿದ್ದರೆ ಅಲ್ಲಿನ ಪರಿಶೀಲಕರಿಗೆ ಅವರವರ ಫೋನುಗಳಿವೆ. ಆಗ ರಜೆ ನ್ಯಾಯವೇ, ನಮ್ಮ ತಕರಾರಿಲ್ಲ. ನಮ್ಮ ಗುಡ್ಡವೊಂದೇ ಬೆಳ್ಳಗಿದ್ದರೆ ತಮ್ಮ ನಿಯಮದಂತೆಯೇ ಎಲ್ಲವೂ ಎಂದಿನಂತೆ.

ಹಿಮವಿಲ್ಲದ ದಿನಗಳಲ್ಲಿ ತಮ್ಮ ವಿಶ್ವಾಸಿ,
ಎಮೊರಿ ಹಾಲ್ಸ್ಟೆಡ್

ಲಗತ್ತುಗಳು:
1. ಹಿಂದಿನ ಅರ್ಜಿಗಳ ನಕಲು.
2. ವರ್ನಾಳ ಪ್ರವೇಶಪತ್ರದ ನಕಲು, ದಿನಾಂಕ ಎರಡು ಸಲ ಹೊಡೆದುಹಾಕಿದ್ದು.
3. ಅಡುಗೆಮನೆಯ ಫೋನಿನ ತಂತಿ, ಒಂದು.

ವಿಶೇಷ ಸೂಚನೆ: ಮೂರನೆಯ ಲಗತ್ತನ್ನು ಶುಕ್ರವಾರ ಹಿಂದಿರುಗಿಸಬೇಕಾಗಿ ವಿನಂತಿ. ಗುರುವಾರ ಮನೆಯಲ್ಲಿ ಯಾರೂ ಇರದ ಕಾರಣ ಶ್ರೀ ಕ್ರೈಡರ್ ಅವರಿಗೆ ತಮ್ಮ ಕಚೇರಿಯೇ ಕಾಫಿಯನ್ನು ಫ್ಲಾಸ್ಕಿನಲ್ಲಿ ಕೊಟ್ಟು ಕಳಿಸಬೇಕು. ಸಕ್ಕರೆ ಎರಡು ಚಮಚ.