ನನ್ನ ಪಾಲಿಗೆ ಬಾರದ ಪಾದ್ರಿ

ನನ್ನ ಅಣ್ಣನಷ್ಟು ಸುಲಭವಾಗಿ ಸಿಗುವ ಮನುಷ್ಯ ಮುಂಬೈ ಪಕ್ಕದ ಈ ಠಾಣೆ ಕಡೆ ಇನ್ನೊಬ್ಬನಿಲ್ಲ. ನೀವು ಅವನ ತಮ್ಮನಾಗಿರಬಾರದು, ಅಷ್ಟೆ!

ಅವನು ಆಂಗ್ಲಿಕನ್ ಪಾದ್ರಿ. ಠಾಣೆಯಲ್ಲಿ ಕಿರಿಯನಾಗಿ ಸೇರಿ, ಡೊಂಬಿವಲಿಯಲ್ಲಿ ಕೂದಲು ಉದುರಿಸಿಕೊಂಡು, ಕಲ್ಯಾಣದಲ್ಲಿ ಆರ್ಚ್‌ಡೀಕನ್ ಆದ. ಬಿಷಪ್ಪರಿಗಿಂತ ಒಂದೇ ಮೆಟ್ಟಿಲು ಕೆಳಗೆ. ಆ ಮೆಟ್ಟಿಲಿನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ನನ್ನ ಹೊಟ್ಟೆಕಿಚ್ಚೆಲ್ಲ ಅವನ ಚರ್ಚಿನ ಸಭೆಯ ಜನರ ಮೇಲೆ.

ಕಾಮೋಠೆಯ ನಮ್ಮ ಮನೆಗೆ ಊಟಕ್ಕೆ ಕರೆದರೆ ಹೊರಡುತ್ತಾನೆ, ತಲುಪುವುದಿಲ್ಲ. ಒಮ್ಮೆ ದಾರಿಯಲ್ಲಿನ ತುರ್ಭೆಯಿಂದ ಫೋನು.

"ಹತ್ತು ನಿಮಿಷ ಮಾರಾಯ. ಇಲ್ಲೊಬ್ರು ಹೊಸ ಟೆಂಪೊ ತೆಗೊಂಡಿದ್ದಾರೆ, ಪ್ರಾರ್ಥನೆ ಮಾಡ್ಬೇಕಂತೆ."

"ನಮ್ಮ ಸಭೆಯವರಾ?"

"ಟೆಂಪೊಗೆ ಎಂಥ ಸಭೆ?"

ಸಂಜೆ ಅದೇ ಟೆಂಪೊದಲ್ಲಿ ಬಂದಿಳಿದ, ಅವರ ಮನೆಯಲ್ಲಿ ಉಂಡು. ಟೆಂಪೊ ಅಲ್ಲ, ರಿಕ್ಷಾ ಎನ್ನುತ್ತಾಳೆ ನನ್ನ ಹೆಂಡತಿ. ಇರಬಹುದು. ಅಸೂಯೆಯಲ್ಲಿಟ್ಟ ನೆನಪು ಉಬ್ಬುತ್ತದೆ. ಇನ್ನೊಮ್ಮೆ ಹೇಳುವಾಗ ಲಾರಿಯೇ ಆದೀತು.

ನಾನು ಸೊಂಟ ಹಿಡಿದು ಮಲಗಿದಾಗಲಾದರೂ ನನ್ನವನಾದನೇ? ತಲೆಯ ಮೇಲೆ ಕೈಯಿಟ್ಟು ಶುರು ಮಾಡಿದ: "ದೇವರೇ, ಇವನ ಸೊಂಟ, ದಿವಾದ ಟೀಚರಮ್ಮನ ಮಂಡಿ, ಆ ಕಾರ್ಪೆಂಟರನ ಕೆಮ್ಮು..." ಲೋಕಲ್ ರೈಲಿಗೆ ಹತ್ತಿದ ಹಾಗೆ ಕಲ್ಯಾಣದವರೆಗಿನ ರೋಗಗಳೆಲ್ಲ ಆ ಪ್ರಾರ್ಥನೆಗೆ ಹತ್ತಿಕೊಂಡವು.

"ನನ್ನದು ಎಲ್ಲಿ ಹೋಯ್ತು?" ಎಂದೆ.

"ಮೊದಲು ಹತ್ತಿದ್ದೇ ನಿಂದಲ್ವಾ?"

ಕಳೆದ ವರ್ಷ ನಿವೃತ್ತನಾದ. ಚರ್ಚು ಕೊಟ್ಟ ಮನೆಯನ್ನು ಪಾದ್ರಿ ಆಗ ಬಿಡಲೇಬೇಕು. ಮದುವೆಯಾಗದವನು, ಸ್ವಂತದ್ದೊಂದು ಗೂಡೂ ಇಲ್ಲ. ನಾನು ಅವನಿಗೆಂದು ನಮ್ಮ ಮನೆಯ ಒಂದು ಕೋಣೆಗೆ ಬಣ್ಣ ಹೊಡೆಸಿಟ್ಟು, ಬೀಳ್ಕೊಡುಗೆಯ ದಿನ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಸಭೆಯ ಹೆಂಗಸೊಬ್ಬರು ಎಲ್ಲರೆದುರೇ ಕರೆದರು:

"ಅಯ್ಯನವರೇ, ನಮ್ಮದೇ ಬಿಲ್ಡಿಂಗಲ್ಲಿ ಫ್ಲ್ಯಾಟ್ ಖಾಲಿ ಇದೆ. ನೀವು ಇಲ್ಲೇ ಇರ್ಬೇಕು. ಲಿಫ್ಟೂ ಇದೆ."

ಅಣ್ಣ ನನ್ನ ಕಡೆ ತಿರುಗಿದ. "ನಿನ್ನಲ್ಲಿ ಲಿಫ್ಟ್ ಉಂಟಾ?"

"ಇಲ್ಲ. ಮೂರನೇ ಮಾಳಿಗೆ." ಸೋತೆ ಎಂದುಕೊಂಡೆ.

"ಹಾಗಾದ್ರೆ ಯಾರೂ ಸುಲಭಕ್ಕೆ ಹತ್ತಿ ಬರುದಿಲ್ಲ. ಹೋಗುವ."

ಆ ದಿನ ಊಟಕ್ಕೆ ಕೂತಾಗ ಅವನ ಪ್ರಾರ್ಥನೆಗೆ ಕಾದೆವು.

"ನೀನು ಮಾಡು," ಎಂದ ನನಗೆ. "ಇಷ್ಟು ವರ್ಷ ಎಲ್ರಿಗೂ ನಾನೇ ಮಾಡಿದ್ದು. ನನ್ನ ಹೆಸರು ಹಿಡಿದು ಯಾರಾದ್ರೂ ಮಾಡುದನ್ನು ಪಕ್ಕದಲ್ಲಿ ಕೂತು ಕೇಳ್ಲೇ ಇಲ್ಲ ನಾನು."

ಕಣ್ಣು ಮುಚ್ಚಿದೆ. ಅವನ ಹೆಸರು ಹೇಳಿದೆ. ಆಮೇಲೆ ಬಂದದ್ದು ಒಂದೇ ಮಾತು: "ದೇವರೇ, ಇವನನ್ನು ಸ್ವಲ್ಪ ಕಾಲ ಬೇರೆ ಯಾರಿಗೂ ಕೊಡಬೇಡ."

"ಆಮೆನ್," ಎಂದ ಅಣ್ಣ, ನನಗಿಂತ ಮೊದಲು.