ಎರಡು ಎಂಟು, ಒಂದು ಕುರ್ಚಿ

ಪೋಕರ್ ಆಟದಲ್ಲಿ ನನ್ನನ್ನು ಹಾಳು ಮಾಡಿದ್ದು ಕೆಟ್ಟ ಎಲೆಗಳಲ್ಲ ಸ್ವಾಮಿ, ಅರೆಬರೆ ಒಳ್ಳೆಯ ಎಲೆಗಳು. ಕೈಗೆ ಬರುವ ಎರಡೆಲೆಯೂ ಎಕ್ಕವೇ ಆದರೆ ನಮ್ಮ ಪ್ಲೇನ್‌ವ್ಯೂ ಊರಿನ ದನಗಳೂ ಆಡಿ ಗೆಲ್ಲುತ್ತವೆ. ಎರಡರ ಜೊತೆ ಏಳು ಬಂತೋ, ಎಸೆದು ಕಾಫಿ ಬಗ್ಗಿಸಿಕೊಳ್ಳಲು ಎದ್ದು ಹೋಗಬಹುದು. ಆದರೆ ಏಳಕ್ಕೇಳು, ಎಂಟಕ್ಕೆಂಟು, ಒಂಬತ್ತಕ್ಕೊಂಬತ್ತು ಅಂತ ನಡುಮಧ್ಯದ ಜೋಡಿ ಬರುತ್ತದಲ್ಲ, ಅದು ಥೇಟ್ ನನ್ನ ಹಾಗೆ. ನನಗೆ ಐವತ್ತನಾಲ್ಕು. ಮುದುಕನೆಂದು ಯಾರೂ ಸೀಟು ಬಿಡುವುದಿಲ್ಲ, ಯುವಕನೆಂದು ಯಾರೂ ತಿರುಗಿ ನೋಡುವುದಿಲ್ಲ. ಎದುರಿನವರು ಪಣ ಏರಿಸಿದಾಗ ಅಂಥ ಜೋಡಿ ಹಿಡಿದು ಅಷ್ಟೇ ಪಣ ಕಟ್ಟಿ ‘ನೋಡೇಬಿಡ್ತೀನಿ’ ಅನ್ನಬೇಕೋ, ‘ಪ್ಯಾಕ್’ ಅಂತ ಎಸೆಯಬೇಕೋ? ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದರೂ ಇದೊಂದು ನನಗೆ ತಿಳಿಯಲಿಲ್ಲ. (ಉಳಿದದ್ದೂ ತಿಳಿದಿಲ್ಲ ಎಂದು ಹೆಂಡತಿ ನೆಲ್ಡಾ ಅಡುಗೆಮನೆಯಿಂದ ಕೂಗುತ್ತಿದ್ದಾಳೆ. ಬರೆಯುವಾಗ ಜೋರಾಗಿ ಓದಿಕೊಳ್ಳಬಾರದು.)

ಈ ಅಜ್ಞಾನಕ್ಕೆ ನಾನು ತೆತ್ತ ಬೆಲೆ ಒಂದು ಕುರ್ಚಿ. ಕುರ್ಚಿಯೆಂದರೆ ಬರೀ ಕುರ್ಚಿಯಲ್ಲ, ಸಿಂಹಾಸನ. ಪಕ್ಕದ ಹಿಡಿ ಎಳೆದರೆ ಬೆನ್ನು ಹಿಂದಕ್ಕೆ, ಕಾಲು ಮೇಲಕ್ಕೆ, ಟಿವಿ ಕಣ್ಣಿಗೆ ನೇರಕ್ಕೆ. ಹದಿನೈದು ವರ್ಷದಿಂದ ಪ್ರತಿ ಭಾನುವಾರ ನಾನು ಅದರಲ್ಲಿ ಪವಡಿಸಿಯೇ ಫುಟ್‌ಬಾಲ್ ನೋಡಿದವನು. ಈ ಸಲ ಅಕ್ಟೋಬರಿನಲ್ಲಿ ಅತ್ತೆ ಓಪಲಮ್ಮ ಚಳಿಗಾಲ ಮುಗಿಯುವವರೆಗೆ ಇರಲು ಬಂದರು. ವಯಸ್ಸು ಎಪ್ಪತ್ತೊಂಬತ್ತು. ಚರ್ಚಿನ ಭಾನುವಾರದ ಶಾಲೆಯಲ್ಲಿ ನಲವತ್ತು ವರ್ಷ ಪಾಠ ಹೇಳಿದವರು.

“ಅಮ್ಮ ಆ ಕುರ್ಚಿಯಲ್ಲಿ ಕೂತ್ಕೋತಾಳೆ,” ಎಂದಳು ನೆಲ್ಡಾ.

“ಮತ್ತೆ ನಾನು?”

“ಸೋಫಾ ಇಲ್ವಾ?”

“ಅದರಲ್ಲಿ ನಾಯಿ ಮಲಗುತ್ತೆ.”

“ನಾಯಿ ನಿನ್ನಷ್ಟು ತಕರಾರು ಮಾಡಲ್ಲ, ಡಾಯ್ಲ್. ಹೊಂದ್ಕೊಂಡು ಹೋಗು.”

ನಾಲ್ಕು ದಿನ ಹೊಂದಿಕೊಂಡೆ. ಐದನೆಯ ದಿನ ನನ್ನ ತಲೆಯಲ್ಲಿ ದಿವ್ಯಜ್ಞಾನ ಮಿಂಚಿತು. ಓಪಲಮ್ಮನಿಗೆ ಪೋಕರ್ ಎಂದರೆ ಪ್ರಾಣ. ದುಡ್ಡಿಟ್ಟು ಆಡುವುದು ಮಾತ್ರ ಅವರ ಧರ್ಮಕ್ಕೆ ನಿಷಿದ್ಧ, ಒಣ ಬೀನ್ಸ್ ಕಾಳಿಟ್ಟು ಆಡುತ್ತಾರೆ. (“ಕಾಸಿಟ್ರೆ ಜೂಜು, ಕಾಳಿಟ್ರೆ ಕಾಲಕ್ಷೇಪ ಕಣಪ್ಪಾ” ಎನ್ನುತ್ತಾರೆ.) ಭಾನುವಾರ ಊಟವಾದ ಮೇಲೆ ಮೂವರೂ ಆಡೋಣ, ಮೂರೂವರೆಗೆ ಪಂದ್ಯ ಶುರುವಾಗುವ ಹೊತ್ತಿಗೆ ಯಾರ ಕಾಳಿನ ಗುಡ್ಡೆ ದೊಡ್ಡದೋ ಚಳಿಗಾಲವಿಡೀ ಕುರ್ಚಿ ಅವರದ್ದು ಎಂದೆ. ಅತ್ತೆ ಸರಿ ಎಂದರು. ನೆಲ್ಡಾ ನನ್ನನ್ನು ಕನಿಕರದಿಂದ ನೋಡಿ ಡಬ್ಬಿಯಿಂದ ಕಾಳು ತಂದಳು.

ಶನಿವಾರ ಕ್ಷೌರದಂಗಡಿಯ ಹಾಲಿಸ್‌ನ ಬಳಿ ಹೋದೆ. ಊರಿನಲ್ಲಿ ಪೋಕರ್ ಪಂಡಿತ ಅವನೇ. ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು ನನ್ನ ಸಂಶಯ ನಿವೇದಿಸಿದೆ.

“ಬಹಳ ಸುಲಭ,” ಎಂದ ಹಾಲಿಸ್. “ಎದುರಿನವರು ಜಿಪುಣರಾಗಿ ಆಡೋರಾದ್ರೆ ನಡುವಿನ ಜೋಡಿ ಎಸೆದುಬಿಡು. ಕೈಬಿಚ್ಚಿ ಆಡೋರಾದ್ರೆ ನೋಡು.”

“ಜಿಪುಣರು ಒಂದೇ ಸಲ ಎಲ್ಲಾ ಕಾಳೂ ತಳ್ಳಿದ್ರೆ?”

“ಎಸಿ. ಆದ್ರೆ ಇಬ್ಬರೇ ಉಳಿದಿದ್ರೆ ಎಸೀಬೇಡ.”

“ಇಬ್ಬರೇ ಉಳಿದು, ಅದರಲ್ಲೊಬ್ಬರು ಜಿಪುಣರಾಗಿದ್ರೆ?”

ಕತ್ತರಿ ಗಾಳಿಯಲ್ಲಿ ನಿಂತಿತು. “ಆಗ ಮುಖ ನೋಡು. ಕೈಯಲ್ಲಿ ಭಾರಿ ಎಲೆ ಇರೋರು ನಿಟ್ಟುಸಿರು ಬಿಟ್ಟು ದುಃಖ ನಟಿಸ್ತಾರೆ. ಏನೂ ಇಲ್ಲದೋರೂ ಬಿಡ್ತಾರೆ ಅನ್ನು. ತಲೆ ಅಲ್ಲಾಡಿಸ್ಬೇಡ, ಕಿವಿ ಹೋಗುತ್ತೆ.”

ಕಿವಿ ಉಳಿಯಿತು, ಬುದ್ಧಿ ಅಲ್ಲೇ ಕೂದಲಿನ ಜೊತೆ ಉದುರಿತೆಂದು ಕಾಣುತ್ತದೆ.

ಭಾನುವಾರ ಆಟ ಶುರುವಾಯಿತು. ನೆಲ್ಡಾ ಪ್ರತಿ ಸಲವೂ ಕಣ್ಣುಮುಚ್ಚಿ ಕಾಳು ತಳ್ಳಿ ಎರಡೂವರೆಗೇ ಬರಿಗೈಯಾದಳು. ಆಮೇಲೆ ಎಲೆ ಹಂಚುವ ಕೆಲಸ ಅವಳದು. ಉಳಿದವರು ನಾನು, ಅತ್ತೆ. ಇಬ್ಬರ ಗುಡ್ಡೆಯೂ ಹೆಚ್ಚುಕಡಿಮೆ ಸಮ. ಮೂರು ಗಂಟೆ ಹತ್ತು ನಿಮಿಷಕ್ಕೆ ನನ್ನ ಕೈಗೆ ಎರಡೆಲೆ ಬಂತು. ಮೆಲ್ಲಗೆ ಮೂಲೆ ಎತ್ತಿ ನೋಡಿದೆ. ಎಂಟು. ಇನ್ನೊಂದರ ಮೂಲೆ ಎತ್ತಿದೆ. ಅದೂ ಎಂಟು!

ಧೈರ್ಯ ಮಾಡಿ ಅರ್ಧ ಗುಡ್ಡೆ ಮುಂದೆ ತಳ್ಳಿದೆ. ಓಪಲಮ್ಮ ಗೋಡೆಯ ಗಡಿಯಾರ ನೋಡಿದರು. ಸೊಂಟದ ಮೇಲೆ ಕೈಯಿಟ್ಟುಕೊಂಡರು. ದೊಡ್ಡದೊಂದು ನಿಟ್ಟುಸಿರು ಬಿಟ್ಟರು. ಆಮೇಲೆ ಎರಡೂ ಕೈಯಿಂದ ತಮ್ಮ ಕಾಳನ್ನೆಲ್ಲ ಮೇಜಿನ ನಡುವಿಗೆ ದೂಡಿದರು.

“ಅಷ್ಟೂ ಇಟ್ಟೆ ಕಣಪ್ಪಾ.”

ಎಪ್ಪತ್ತೊಂಬತ್ತು ವರ್ಷದಲ್ಲಿ ಈ ಹೆಂಗಸು ಬರಿಗೈಯಲ್ಲಿ ಪಣ ಏರಿಸಿದ್ದನ್ನು ಕಂಡವರಿಲ್ಲ. ಜಿಪುಣರು, ಅಂದರೆ ಎಸೆಯಬೇಕು. ಉಳಿದಿರುವುದು ಇಬ್ಬರೇ, ಅಂದರೆ ಎಸೆಯಬಾರದು. ನಿಟ್ಟುಸಿರು ಬಿಟ್ಟಿದ್ದಾರೆ, ಅಂದರೆ ಒಂಬತ್ತರಿಂದ ಎಕ್ಕದವರೆಗೆ ಯಾವುದೋ ದೊಡ್ಡ ಜೋಡಿ ಇದೆ, ಅಥವಾ ಏನೂ ಇಲ್ಲ. ಸೊಂಟದ ಮೇಲೆ ಕೈಯಿಟ್ಟಿದ್ದಾರೆ. ಹಾಲಿಸ್ ಸೊಂಟದ ಬಗ್ಗೆ ಏನೂ ಹೇಳಿರಲಿಲ್ಲ!

“ಡಾಯ್ಲ್, ಆಡ್ತೀಯಾ ಇಲ್ವಾ?” ಎಂದಳು ನೆಲ್ಡಾ.

“ಯೋಚಿಸ್ತಿದ್ದೀನಿ.”

“ನನ್ನನ್ನ ಮದುವೆಯಾಗೋಕೆ ಇದರ ಅರ್ಧ ಯೋಚಿಸಲಿಲ್ಲ ನೀನು.”

“ಅದಕ್ಕೇ ಈಗ ಯೋಚಿಸ್ತಿದ್ದೀನಿ.”

(ಈ ಮಾತು ಆಡಬಾರದಿತ್ತು. ರಾತ್ರಿಯ ಸೂಪು ನನ್ನ ತಟ್ಟೆಗೆ ಮಾತ್ರ ತಣ್ಣಗೆ ಬಂತು.)

‘ನೋಡ್ತೀನಿ’ ಎನ್ನಲು ಬಾಯಿ ತೆರೆದೆ, ಮುಚ್ಚಿದೆ. ‘ಪ್ಯಾಕ್’ ಎನ್ನಲು ಎಲೆ ಎತ್ತಿದೆ, ಇಳಿಸಿದೆ. ಅತ್ತೆ ಮತ್ತೊಮ್ಮೆ ಗಡಿಯಾರ ನೋಡಿ ಮತ್ತೊಮ್ಮೆ ನಿಟ್ಟುಸಿರಿಟ್ಟರು. ಅಷ್ಟೇ, ನನಗೆ ಖಾತ್ರಿಯಾಯಿತು. ರಾಜನ ಜೋಡಿ! ಅರ್ಧ ಗುಡ್ಡೆ ಹೋದರೆ ಹೋಗಲಿ, ಇನ್ನರ್ಧವಿದೆ, ಮುಂದಿನ ಆಟದಲ್ಲಿ ವಾಪಸ್ ಗೆಲ್ಲೋಣ ಎಂದು ನನ್ನ ಎಂಟುಗಳನ್ನು ಮುಖ ಕೆಳಗಾಗಿಯೇ ನೆಲ್ಡಾಳ ಕಡೆಗೆ ಎಸೆದೆ.

“ಪ್ಯಾಕ್.”

“ಟೈಮೂ ಆಯ್ತು,” ಎಂದಳು ನೆಲ್ಡಾ.

ಗಡಿಯಾರ ನೋಡಿದೆ. ಮೂರೂವರೆ. ಇಪ್ಪತ್ತು ನಿಮಿಷವನ್ನು ಎರಡು ಎಂಟುಗಳ ಮೇಲೆ ಕಳೆದಿದ್ದೆ.

ಓಪಲಮ್ಮ ತಮ್ಮ ಎಲೆಗಳನ್ನು ಬಿಡಿಸಿಟ್ಟರು. ಒಂದು ಮೂರು, ಒಂದು ಆರು.

“ಅಯ್ಯೋ, ಅದನ್ನ ಯಾಕಪ್ಪಾ ಎಸೆದೆ?” ಎಂದು ಅವರೇ ಹಲುಬಿದರು. “ಸೋಲೋಕೆ ಅಂತಾನೇ ಅಷ್ಟೂ ತಳ್ಳಿದೆ. ಆ ಕುರ್ಚಿ ನನಗೆ ಬೇಡವೇ ಬೇಡ. ಒಳಗೆ ಹೂತುಹೋದ್ರೆ ಮೇಲೇಳೋಕೆ ಆಗಲ್ಲ, ಸೊಂಟ ಹಿಡ್ಕೊಳುತ್ತೆ. ಬೇಡ ಅಂದ್ರೆ ನೆಲ್ಡಾ ನೊಂದ್ಕೋತಾಳೆ ಅಂತ ಸುಮ್ನಿದ್ದೆ.”

“ಅಮ್ಮಾ! ಮೊದಲೇ ಹೇಳ್ಬಾರದಾ?”

“ಈಗ ಹೇಳಿದ್ನಲ್ಲ. ಕುರ್ಚಿ ನೀನೇ ತಗೊಳಪ್ಪಾ ಡಾಯ್ಲ್. ಒಂದೇ ಒಂದು ಕುತೂಹಲ, ನೀನು ಎಸೆದ ಎಲೆ ಯಾವುದು? ನಿಜ ಹೇಳಿ ಕೂತ್ಕೋ.”

ಮತ್ತೆ ಗೊಂದಲ! ಮೂರು-ಆರರ ಮುಂದೆ ಎಂಟರ ಜೋಡಿ ಎಸೆದೆ ಅಂದರೆ ನಾಳೆ ಹಾಲಿಸ್‌ನ ಅಂಗಡಿಯವರೆಗೂ ನಗು ಹೋಗುತ್ತದೆ. ಕಸ ಎಸೆದೆ ಅಂದರೆ ಮಾನ ಉಳಿಯುತ್ತದೆ, ಕುರ್ಚಿಯೂ ಸಿಗುತ್ತದೆ. ಈ ಸಲ ಇಪ್ಪತ್ತು ನಿಮಿಷ ತೆಗೆದುಕೊಳ್ಳಲಿಲ್ಲ, ಎರಡೇ ಸೆಕೆಂಡು.

“ಎರಡು, ಏಳು,” ಎಂದೆ ಗಂಭೀರವಾಗಿ. “ಎಸೆಯದೆ ಏನ್ಮಾಡೋದು?”

ನೆಲ್ಡಾ ತನ್ನ ಮುಂದಿದ್ದ ಎರಡೆಲೆಯನ್ನು ನಿಧಾನವಾಗಿ ತಿರುಗಿಸಿದಳು.

ಓಪಲಮ್ಮ ಎಂಟುಗಳನ್ನು ನೋಡಿದರು, ನನ್ನನ್ನು ನೋಡಿದರು. “ಭಾನುವಾರದ ದಿನ ಸುಳ್ಳು!” ಎಂದರು, ಅಷ್ಟೇ. ನಂತರ ಎದ್ದು ಹೋಗಿ, ಬೇಡದ ಕುರ್ಚಿಯಲ್ಲಿ ಬೇಕೆಂದೇ ಕೂತು, ಹಿಡಿ ಎಳೆದು ಕಾಲು ಮೇಲೆ ಮಾಡಿಕೊಂಡರು. “ಸೊಂಟ ಹಿಡ್ಕೊಂಡಾಗ ಕರೀತೀನಿ, ಬಂದು ಎತ್ತು,” ಎಂದು ನನಗೆ ಅಪ್ಪಣೆಯಾಯಿತು.

ಅವತ್ತು ನಮ್ಮ ತಂಡ ಮೂರು ಸಲ ಚೆಂಡು ಹಿಡಿದು ಗೆರೆ ದಾಟಿ ಅಂಕ ಗಳಿಸಿತಂತೆ. ಮೂರು ಸಲವೂ ನಾನು ಟಿವಿಗೆ ಬೆನ್ನು ಹಾಕಿ ಅತ್ತೆಯನ್ನು ಎತ್ತುತ್ತಿದ್ದೆ.