ಸಾಮ್ರಾಟನ ಎಡಗಿವಿ

ಶ್ರೇಯಾಂಸಕುಮಾರರು ಹೊಟ್ಟೆಕಿಚ್ಚಿನ ಮನುಷ್ಯ. ಇದನ್ನು ಮೆದುವಾಗಿ ಹೇಳುವ ಕ್ರಮ ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಹೇಳುತ್ತಿರಲಿಲ್ಲ. ಸಿದ್ಧಕಟ್ಟೆಯ ಹೈಸ್ಕೂಲು ಮಕ್ಕಳಿಗೆ ಮೂವತ್ತೆರಡು ವರ್ಷ ಗಣಿತ ಕಲಿಸಿ ನಿವೃತ್ತರಾದ ಮೇಲೆ ಅವರಿಗೆ ಪೂರ್ಣಾವಧಿಯ ಕೆಲಸವೆಂದು ಉಳಿದದ್ದು ಇದೊಂದೇ. ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಯಲ್ಲಿ ತಮ್ಮದಕ್ಕಿಂತ ದಪ್ಪದ ಹಾರ ಹಾಕಿದರೆಂದು ಅವರು ಊಟ ಮಾಡದೆ ಎದ್ದು ಬಂದಿದ್ದರು. ಡಾಕ್ಟರು "ನಿಮಗಿಂತ ನಿಮ್ಮ ಹೆಂಡತಿಯ ಬಿ.ಪಿ. ಒಳ್ಳೆಯದುಂಟು" ಎಂದದ್ದಕ್ಕೆ ಎರಡು ದಿನ ಹೆಂಡತಿಯ ಸಂಗಡ ಮಾತು ಬಿಟ್ಟಿದ್ದರು. ಹೆಂಡತಿ ತ್ರಿಶಲಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ಆ ಎರಡು ದಿನ ತುಂಬ ಓದಿಕೊಂಡರು.

ಆದರೆ ಇವೆಲ್ಲ ಸಣ್ಣ ಕಿಡಿಗಳು. ನಿಜವಾದ ಬೆಂಕಿ ಇದ್ದದ್ದು ಪಕ್ಕದ ಕಂಪೌಂಡಿನಲ್ಲಿ. ಅಲ್ಲಿ ಇಬ್ರಾಹಿಂ ಖಲೀಲ್ ಸಾಹೇಬರಿದ್ದರು. ಸೌದಿಯ ದಮ್ಮಾಮಿನಲ್ಲಿ ಇಪ್ಪತ್ತೆಂಟು ವರ್ಷ ಬಟ್ಟೆ ಅಂಗಡಿ ನಡೆಸಿ ಊರಿಗೆ ಮರಳಿದ ಸಾಹೇಬರು ಮಾಡಿದ ಅಪರಾಧ ಒಂದೇ. ಮಾಷ್ಟ್ರ ನಾಯಿ ಅವರ ಮಾತು ಕೇಳುತ್ತಿತ್ತು!

ನಾಯಿಯ ಹೆಸರು ಸಾಮ್ರಾಟ. ಲ್ಯಾಬ್ರಡಾರ್ ಜಾತಿ, ಕೆಸುವಿನ ಎಲೆಯಂಥ ಕಿವಿ. ಹೆಸರಿಟ್ಟವರು ಮಾಷ್ಟ್ರು, ಅನ್ನ ಹಾಕುವವರು ಮಾಷ್ಟ್ರು, ಲೈಸೆನ್ಸಿನ ಅರ್ಜಿಯಲ್ಲಿ ಸಹಿ ಮಾಷ್ಟ್ರದ್ದು. ಆದರೂ "ಸಾಮ್ರಾಟ!" ಎಂದು ಮಾಷ್ಟ್ರು ಗುಡುಗಿದರೆ ಅದು ಆಕಳಿಸಿ ಮಗ್ಗುಲು ಬದಲಿಸುತ್ತಿತ್ತು. ಗೋಡೆಯಾಚೆಯಿಂದ ಸಾಹೇಬರು ಮೆಲ್ಲಗೆ, ತಮ್ಮ ಮನೆಮಾತಿನಲ್ಲಿ ಮಗನನ್ನು ಕರೆದ ಹಾಗೆ, "ಮೋನೇ" ಎಂದರೆ ಸಾಕು, ಬಾಲವನ್ನು ಚಾಮರದ ಹಾಗೆ ಬೀಸುತ್ತ ಓಡುತ್ತಿತ್ತು. ಸಾಹೇಬರು ಅದನ್ನು ಒಂದು ದಿನವೂ ಮುಟ್ಟಿದವರಲ್ಲ, ಒಂದು ಬಿಸ್ಕತ್ತು ಹಾಕಿದವರಲ್ಲ. ಮಾಷ್ಟ್ರಿಗೆ ಉರಿಯುತ್ತಿದ್ದದ್ದು ಅದಕ್ಕೇ. ಲಂಚ ಕೊಟ್ಟಿದ್ದರೆ ಕ್ಷಮಿಸಬಹುದಿತ್ತು!

ಭಾದ್ರಪದದಲ್ಲಿ ಸಾಮ್ರಾಟ ತಲೆ ಕೊಡವಲು ಶುರು ಮಾಡಿತು. ಎಡಗಿವಿಯನ್ನು ಸೋಫಾಕ್ಕೆ ಉಜ್ಜಿತು. ಹತ್ತಿರ ಹೋದರೆ ಹುಳಿ ಬಂದ ಹಿಟ್ಟಿನ ವಾಸನೆ.

"ಕಿವಿಗೆ ಎಂತದ್ದೋ ಆಗಿದೆ. ಡಾಕ್ಟ್ರ ಹತ್ರ ಕೊಂಡೋಗುವ," ಎಂದರು ತ್ರಿಶಲಾ.

"ಡಾಕ್ಟ್ರು ಎಂತಕ್ಕೆ? ಒಂದು ವಾರದಲ್ಲಿ ಈ ಕಿವಿಯನ್ನು ನಾನೇ ಗುಣ ಮಾಡ್ತೇನೆ! ಆಮೇಲೆ ನೋಡು, ನನ್ನ ಬೆನ್ನು ಬಿಡುವುದಿಲ್ಲ ಅವನು!"

ಇದು ಔಷಧೋಪಚಾರವಲ್ಲ, ಸಾಮ್ರಾಜ್ಯ ಮರಳಿ ಗೆಲ್ಲುವ ದಂಡಯಾತ್ರೆ ಎಂದು ತ್ರಿಶಲಾರಿಗೆ ಆಗಲೇ ಅರ್ಥವಾಯಿತು.

ಮೊದಲ ದಿನ ಮಾಷ್ಟ್ರು ಹತ್ತಿ ಹಿಡಿದು ಹೊರಟರು. ನಾಯಿ ಕಾರಿನ ಅಡಿಗೆ ಹೋಯಿತು. ಮಾಷ್ಟ್ರೂ ಕಾರಿನ ಅಡಿಗೆ ಹೋದರು. ನಾಯಿ ಆಚೆಯಿಂದ ಹೊರಬಂತು, ಮಾಷ್ಟ್ರು ಬರಲಿಲ್ಲ. ತ್ರಿಶಲಾ ಕಾಲು ಹಿಡಿದು ಎಳೆಯುತ್ತಿರುವಾಗ ಗೋಡೆಯ ಮೇಲೆ ಸಾಹೇಬರ ಮುಖ ಮೂಡಿತು.

"ಎಂತ ಮಾಷ್ಟ್ರೆ, ಗಾಡಿ ಕೆಟ್ಟಿತಾ?"

"ಗಾಡಿ ಅಲ್ಲ ಸಾಹೇಬ್ರೆ, ನಾಯಿ," ಎಂದರು ತ್ರಿಶಲಾ.

"ಮೋನೇ, ಇಲ್ಲಿ ಬಾ. ಕೂತ್ಕೊ." ಸಾಮ್ರಾಟ ಗೋಡೆಯ ಬುಡದಲ್ಲಿ ಕೂತಿತು, ವಿಗ್ರಹದ ಹಾಗೆ. "ಈಗ ಹಾಕಿ ಮಾಷ್ಟ್ರೆ ಮದ್ದು."

"ಬೇಡ!" ಎಂದರು ಮಾಷ್ಟ್ರು. "ಇವತ್ತು ಸುಮ್ಮನೆ ಪರೀಕ್ಷೆ ಮಾಡಿದ್ದು."

ಮದ್ದಾದರೂ ಎಲ್ಲಿತ್ತು? ಅದನ್ನು ಮಾಷ್ಟ್ರು ಮರುದಿನ ವಾಟ್ಸಾಪಿನಲ್ಲಿ ಪಡೆದರು. ತೆಂಗಿನೆಣ್ಣೆಯಲ್ಲಿ ಎರಡು ಎಸಳು ಬೆಳ್ಳುಳ್ಳಿ ಕಾಯಿಸಿ ಕಿವಿಗೆ ಬಿಟ್ಟರೆ ಎಂಥ ನೋವೂ ಮಾಯ! ಹತ್ತು ಜನರಿಗೆ ಕಳಿಸಿ!

ಇಲ್ಲೊಂದು ತೊಡಕಿತ್ತು. ಅದು ಜೈನರ ಮನೆ. ನಾಲ್ಕು ತಲೆಮಾರಿನಲ್ಲಿ ಆ ಹೊಸ್ತಿಲು ದಾಟಿ ಬೆಳ್ಳುಳ್ಳಿ ಒಳಗೆ ಬಂದದ್ದಿಲ್ಲ. ಸಿದ್ಧಕಟ್ಟೆಯ ಅಂಗಡಿಯಲ್ಲಿ ಕೇಳಿದರೆ ಸಂಜೆಯೊಳಗೆ ಊರಿಡೀ ಸುದ್ದಿ. ಗೋಡೆಯಾಚೆ ಸಾಹೇಬರ ಹೆಂಡತಿ ಬೀಬಿಯವರ ಅಡುಗೆಮನೆಯಲ್ಲಿ ಬುಟ್ಟಿಗಟ್ಟಲೆ ಇತ್ತು. ಆದರೆ ಆ ಮನೆಯಲ್ಲಿ ಕೈಯೊಡ್ಡುವುದೇ? ಮಾಷ್ಟ್ರು ಮೂಗಿನವರೆಗೆ ಮಾಸ್ಕ್ ಏರಿಸಿ, ಬಸ್ಸು ಹತ್ತಿ ಬಂಟ್ವಾಳ ಪೇಟೆಗೆ ಹೋಗಿ, ಕಳ್ಳಸಾಗಣೆಯವರ ಹಾಗೆ ಕಾಲು ಕಿಲೋ ಬೆಳ್ಳುಳ್ಳಿಯನ್ನು ಕೊಡೆಯೊಳಗೆ ಅಡಗಿಸಿ ತಂದರು.

ಅಷ್ಟು ಯಾಕೆ ಎಂದು ಕೇಳಬೇಡಿ. ಗಣಿತದ ಮಾಷ್ಟ್ರಲ್ಲವೇ? ಎರಡು ಎಸಳು ಮನುಷ್ಯನ ಕಿವಿಗೆ. ಸಾಮ್ರಾಟನ ಕಿವಿ ಮನುಷ್ಯನದಕ್ಕಿಂತ ಎಷ್ಟು ಪಾಲು ದೊಡ್ಡದು? ಅಡಿಕೋಲು ಹಿಡಿದು ತಮ್ಮದನ್ನೂ ಅಳೆದು, ಮಲಗಿದ್ದ ನಾಯಿಯದನ್ನೂ ಅಳೆದು ತ್ರೈರಾಶಿ ಹಾಕಿದರು. ಲೆಕ್ಕ ತಪ್ಪಿರಲಿಲ್ಲ. ಬೆಳ್ಳುಳ್ಳಿಯ ಸ್ವಭಾವ ಮಾತ್ರ ಲೆಕ್ಕದಲ್ಲಿರಲಿಲ್ಲ. ಕಾದ ಎಣ್ಣೆಗೆ ಬಿದ್ದ ಬೆಳ್ಳುಳ್ಳಿ ಪಾತ್ರೆಯೊಳಗೇ ಇರುವ ಸಾಧು ಪ್ರಾಣಿಯಲ್ಲ ಎಂದು ಜೀವಮಾನದಲ್ಲಿ ಅದನ್ನು ಕಾಯಿಸದವರಿಗೆ ಹೇಗೆ ತಿಳಿಯಬೇಕು?

ದಶಲಕ್ಷಣ ಪರ್ವದ ದಿನಗಳು. ತ್ರಿಶಲಾ ಮೂಡುಬಿದಿರೆಯ ಬಸದಿಗೆ ಹೋಗಿದ್ದರು. ಮಾಷ್ಟ್ರು ಎಣ್ಣೆಯನ್ನು ಉಗುರುಬೆಚ್ಚಗೆ ಆರಿಸಿ, ನಿದ್ದೆಯಲ್ಲಿದ್ದ ಸಾಮ್ರಾಟನ ಎಡಗಿವಿ ಎತ್ತಿ, ಒಂದು ಸೌಟು ಸುರಿದೇಬಿಟ್ಟರು!

ಸಾಮ್ರಾಟ ಕಣ್ಣು ಬಿಟ್ಟಿತು. ಒಂದು ಕ್ಷಣ ಯೋಚಿಸಿತು. ಮತ್ತೆ ಕಿರುಚುತ್ತ ಅಡುಗೆಮನೆಯಿಂದ ಚಾವಡಿಗೆ ನೆಗೆಯಿತು. ಅದೇ ಹೊತ್ತಿಗೆ ಮುಂಬಾಗಿಲಿನಲ್ಲಿ ತ್ರಿಶಲಾ ತಮ್ಮ ತಂಗಿಯೊಂದಿಗೆ ಒಳಗೆ ಕಾಲಿಡುತ್ತಿದ್ದರು. ತಂಗಿ ಅಕ್ಷಯಾ ಹತ್ತು ದಿನ ಒಂದೇ ಹೊತ್ತಿನ ಊಟದ ವ್ರತದಲ್ಲಿದ್ದವಳು, ಉಟ್ಟದ್ದು ಮಡಿಯ ಬಿಳಿ ಸೀರೆ. ಸಾಮ್ರಾಟ ಅವಳ ಮುಂದೆ ನಿಂತು, ನಾಲ್ಕು ಕಾಲು ಅಗಲಿಸಿ, ತಲೆಯಿಂದ ಬಾಲದವರೆಗೆ ಸರ್ವಾಂಗ ಕೊಡವಿತು. ಸೀರೆಗೆ, ಗೋಡೆಗೆ, ತೂಗುಹಾಕಿದ ಹಿರಿಯರ ಫೋಟೋಗಳಿಗೆ, ಯಾರಿಗೂ ಭೇದವಿಲ್ಲದೆ ಬೆಳ್ಳುಳ್ಳಿಯ ಪ್ರೋಕ್ಷಣೆಯಾಯಿತು!

"ಭಾವ," ಎಂದಳು ಅಕ್ಷಯಾ, ಮೂಗಿಗೆ ಸೆರಗು ಹಿಡಿದು, "ಇದು ಎಂತ ವಾಸನೆ?"

"ಔಷಧಿ."

"ಎಲ್ಲಿಂದ ತಂದದ್ದು? ಹೋಟೆಲಿಂದಲಾ?"

ತ್ರಿಶಲಾ ಗಂಡನ ಎದುರು ಬಂದು ನಿಂತರು. "ಬಾಯಿ ತೆಗೀರಿ."

"ನಾನು ತಿನ್ಲಿಲ್ಲ ಮಾರಾಯ್ತಿ!"

"ತೆಗೀರಿ ಅಂದೆ."

ಅರುವತ್ತೇಳು ವರ್ಷದ ನಿವೃತ್ತ ಶಿಕ್ಷಕರು ನಾದಿನಿಯ ಎದುರು ಬಾಯಿ ತೆಗೆದು ತೋರಿಸುತ್ತಿರುವಾಗ ಗೋಡೆಯಾಚೆಯಿಂದ ಬೀಬಿಯವರ ಸಂತೋಷದ ದನಿ ಬಂತು. "ತ್ರಿಶಲಕ್ಕಾ, ನಿಮ್ಮಲ್ಲಿ ಇವತ್ತು ಎಂತ ಅಡುಗೆ? ಪರಿಮಳ ನಮ್ಮ ಮನೆಯೊಳಗೆಲ್ಲ ಉಂಟು!"

ಅಕ್ಷಯಾ ನೀರೂ ಮುಟ್ಟದೆ ಹೊರಟು ಹೋದಳು.

ಮರುದಿನ ಬೆಳಿಗ್ಗೆ ಸಾಮ್ರಾಟನ ಕಿವಿ ಬಾತು ಬನ್ನಿನಂತಾಗಿತ್ತು. ತಲೆ ಎಡಕ್ಕೆ ವಾಲಿತ್ತು. ಅನ್ನದ ಬಟ್ಟಲನ್ನು ಮೂಸಿಯೂ ನೋಡಲಿಲ್ಲ. ಇನ್ನು ಮಾಷ್ಟ್ರ ಅನುಮತಿಗೆ ಕಾಯದೆ ತ್ರಿಶಲಾ ಕಾರು ತೆಗೆದರು. ಮೆಲ್ಕಾರಿನ ಕ್ಲಿನಿಕ್ಕಿನಲ್ಲಿ ಪಶುವೈದ್ಯೆ ಡಾಕ್ಟರ್ ಆಫ್ರಾ, ಇನ್ನೂ ಮೂವತ್ತು ದಾಟದ ಹುಡುಗಿ, ಕಿವಿಯೊಳಗೆ ದೀಪ ಬಿಟ್ಟು ನೋಡಿದಳು. ಮೂಗು ಅರಳಿಸಿದಳು. ಮತ್ತೆ ತಲೆಯೆತ್ತಿ ಕೇಳಿದಳು: "ಇದಕ್ಕೆ ಒಗ್ಗರಣೆ ಹಾಕಿದ್ದು ಯಾರು?"

ಮಾಷ್ಟ್ರು ಗೋಡೆಯ ಮೇಲಿನ ಹಸುವಿನ ಚಿತ್ರ ನೋಡತೊಡಗಿದರು.

"ಸರ್, ಒಳಗೆ ಬೂಷ್ಟು ಬೆಳೆದಿದೆ. ಎಣ್ಣೆ ಬಿಟ್ರೆ ಅದಕ್ಕೆ ಹಬ್ಬ. ಮೇಲಿಂದ ಬೆಳ್ಳುಳ್ಳಿ ಚರ್ಮ ಸುಡ್ತದೆ. ಇನ್ನು ಒಂದು ವಾರ ಹೀಗೇ ಬಿಟ್ಟಿದ್ರೆ ಈ ಕಿವಿ ಹೋಗ್ತಿತ್ತು. ಈಗಲೂ ಪೂರ್ತಿ ಕೇಳ್ತದೆ ಅಂತ ನಾನು ಹೇಳುವುದಿಲ್ಲ, ಹತ್ತು ದಿನ ಕಳೆದು ನೋಡುವ." ಅವಳು ಎರಡು ಬಾಟಲಿ ಇಟ್ಟಳು. "ಈ ನೀರನ್ನು ಕಿವಿ ತುಂಬ ಬಿಡಿ. ಬುಡವನ್ನು ಹೀಗೆ ತಿಕ್ಕಿ, ಪಚಪಚ ಶಬ್ದ ಬರ್ಬೇಕು. ಅವನು ತಲೆ ಕೊಡವ್ಲಿ. ಹೊರಗೆ ಬಂದದ್ದನ್ನು ಹತ್ತಿಯಲ್ಲಿ ಒರೆಸಿ. ಕಡ್ಡಿಗಿಡ್ಡಿ ಒಳಗೆ ಹಾಕ್ಬೇಡಿ. ಮತ್ತೆ ಈ ಮದ್ದಿನ ಹನಿ. ದಿನಕ್ಕೆ ಎರಡು ಸಲ. ಅಲ್ಲಾಡದೆ ಕೂರ್ಬೇಕು. ಯಾರ ಮಾತು ಕೇಳ್ತಾನೆ ಇವನು?"

"ಪಕ್ಕದ ಮನೆಯವರದ್ದು," ಎಂದರು ತ್ರಿಶಲಾ.

ಆ ಸಂಜೆ ಮಾಷ್ಟ್ರು ಒಬ್ಬರೇ ಹೋರಾಡಿದರು. ಕಿವಿಗೆ ಬಿಡಬೇಕಾದ ನೀರಿನಲ್ಲಿ ಕಾಲು ಭಾಗ ತಮ್ಮ ಅಂಗಿಗೆ, ಕಾಲು ಭಾಗ ತಮ್ಮದೇ ಕಿವಿಗೆ ಹೋಯಿತು. ನಾಯಿ ಮೂಲೆಗೆ ಹೋಗಿ ನೋವಿನಿಂದ ಕುಂಯ್‌ಗುಟ್ಟಿತು. ಮಾಷ್ಟ್ರು ಬಾಟಲಿ ಹಿಡಿದು ಗೋಡೆಯ ಬಳಿ ಹೋಗಿ, ಆಕಾಶ ನೋಡುತ್ತ ಕೆಮ್ಮಿದರು.

"ಸಾಹೇಬ್ರೆ, ಪುರ್ಸೊತ್ತು ಉಂಟಾ?"

ಸಾಹೇಬರು ಕುರ್ಚಿ ತಂದು ಗೋಡೆಯ ಆಚೆ ಬದಿಗೆ ಹಾಕಿದರು. "ಮುಟ್ಲಿಕ್ಕೆ ಮಾತ್ರ ಹೇಳ್ಬೇಡಿ ಮಾಷ್ಟ್ರೆ. ಅವನ ಎಂಜಲು ತಾಗಿದ್ರೆ ನಮ್ಮಲ್ಲಿ ಏಳು ಸಲ ತೊಳೀಲಿಕ್ಕೆ ಉಂಟು, ಅದ್ರಲ್ಲಿ ಒಂದು ಸಲ ಮಣ್ಣು ಹಾಕಿ. ನಮಾಜಿಗೆ ತಡ ಆಗ್ತದೆ. ನಾನು ಮಾತಾಡ್ತೇನೆ. ಮಾತು ತೊಳೀಲಿಕ್ಕಿಲ್ಲ."

ಹೀಗೆ ದಿನಕ್ಕೆರಡು ಸಭೆ ನಡೆಯತೊಡಗಿತು. ಸಾಹೇಬರು ಸಾಮ್ರಾಟನಿಗೆ ದಮ್ಮಾಮಿನ ಕಥೆ ಹೇಳುವರು. ಮರಳುಗಾಳಿಗೆ ಅಂಗಡಿಯ ಬಿಳಿ ಬಟ್ಟೆಯೆಲ್ಲ ಹಳದಿಯಾದದ್ದು, ಬೀಬಿಗೆ ತಿಂಗಳಿಗೊಂದು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸುತ್ತಿದ್ದದ್ದು. ಸಾಮ್ರಾಟ ಕಣ್ಣು ಅರೆಮುಚ್ಚಿ ಆಲಿಸುವುದು. ಮಾಷ್ಟ್ರು ಪಚಪಚ ತಿಕ್ಕುವರು.

ಮೂರನೆಯ ದಿನ ತಡೆಯಲಾರದೆ ಕೇಳಿಯೇಬಿಟ್ಟರು. "ಅನ್ನ ನನ್ನದು, ಮನೆ ನನ್ನದು. ನಿಮ್ಮ ಮಾತೇ ಯಾಕೆ ಕೇಳ್ಬೇಕು ಇವನು?"

ಸಾಹೇಬರು ಗಡ್ಡ ನೀವಿಕೊಂಡರು. "ನೀವು ಕರೆಯುವುದು ಹಾಜರಿ ಕರೆದ ಹಾಗೆ ಮಾಷ್ಟ್ರೆ. ಅವನಿಗೆ ಎಲ್ಲಿ ಲೆಕ್ಕ ಕೇಳ್ತೀರೋ ಅಂತ ಹೆದರಿಕೆ."

ಒಳಗಿನಿಂದ ತ್ರಿಶಲಾ ನಕ್ಕದ್ದು ಕೇಳಿಸಿತು. ಮಾಷ್ಟ್ರು ಆ ರಾತ್ರಿ ಕನ್ನಡಿಯ ಮುಂದೆ ನಿಂತು "ಮೋನೇ" ಎಂದು ಅಭ್ಯಾಸ ಮಾಡಿದರು. ಬೆಳಿಗ್ಗೆ ಪ್ರಯೋಗಿಸಿದಾಗ ನಾಯಿ ಅವರನ್ನು ದಾಟಿ ಗೋಡೆಯ ಕಡೆ ನೋಡಿತು.

ಎಂಟನೆಯ ದಿನ ಸಾಹೇಬರು ಬೆಳ್ತಂಗಡಿಗೆ ಹೊರಟರು. ಮಗಳು ಸಜ್ನಾಳಿಗೆ ಹೆರಿಗೆ. ದಂಪತಿ ಎರಡು ವಾರ ಅಲ್ಲೇ. ಮಾಷ್ಟ್ರ ಮುಖದಲ್ಲಿ ಹಬ್ಬ ಕಂಡಿತು! ಕೊನೆಯ ದಿನಗಳ ಕೀರ್ತಿಯಾದರೂ ತಮಗೇ. ಅಷ್ಟರಲ್ಲಿ ನೋವೂ ಕಡಿಮೆಯಾಗಿದ್ದರಿಂದ ಸಾಮ್ರಾಟ ಹೇಗೋ ಕಿವಿ ಕೊಟ್ಟಿತು. ಆದರೆ ಮದ್ದು ಮುಗಿದ ಕೂಡಲೇ ಎದ್ದು ಗೋಡೆಯ ಬುಡಕ್ಕೆ ಹೋಗಿ ಮಲಗುತ್ತಿತ್ತು.

ಹತ್ತು ದಿನ ಕಳೆಯಿತು. ಡಾಕ್ಟರ್ ಆಫ್ರಾ ನೋಡಿ, "ಒಳಗೆ ಕ್ಲೀನ್ ಉಂಟು ಸರ್. ಕೇಳ್ತದಾ ಅಂತ ಮನೆಯಲ್ಲಿ ಪರೀಕ್ಷೆ ಮಾಡಿ. ಒಳ್ಳೆ ಕಿವಿ ಮುಚ್ಚಿ, ಈ ಕಡೆಯಿಂದ ಕರೀರಿ," ಎಂದು ಕಳಿಸಿದಳು.

ಮಾಷ್ಟ್ರು ಜಗಲಿಯಲ್ಲಿ ಕೂತು ಸಾಮ್ರಾಟನ ಬಲಗಿವಿಯನ್ನು ಅಂಗೈಯಲ್ಲಿ ಮುಚ್ಚಿ, "ಸಾಮ್ರಾಟ!" ಎಂದರು. ಅದು ಮಿಸುಕಲಿಲ್ಲ. ಇನ್ನೂ ಗಟ್ಟಿಯಾಗಿ ಕರೆದರು. ರಸ್ತೆಯಲ್ಲಿ ಹೋಗುತ್ತಿದ್ದ ಆಟೋ ನಿಂತಿತು, ನಾಯಿ ಮಿಸುಕಲಿಲ್ಲ. ಮಾಷ್ಟ್ರ ಮುಖ ಬಿಳಿಚಿತು.

"ಕಿವುಡಾಗಿದೆ ತ್ರಿಶಲಾ. ನಾನೇ ಮಾಡಿದ್ದು. ಆ ಸೌಟು..."

"ಅದು ಹೇಗೆ ಗೊತ್ತಾಗ್ತದೆ?" ತ್ರಿಶಲಾ ಪತ್ರಿಕೆಯಿಂದ ತಲೆಯೆತ್ತಲಿಲ್ಲ. "ಕಿವಿ ಸರಿ ಇದ್ದಾಗಲೂ ನೀವು ಕರೆದದ್ದು ಅದಕ್ಕೆ ಕೇಳ್ತಿರ್ಲಿಲ್ಲ."

ಮಾಷ್ಟ್ರು ಫೋನು ತೆಗೆದರು.

"ಸಾಹೇಬ್ರೆ, ಮಗು ಆಯ್ತಾ? ಗಂಡಾ ಹೆಣ್ಣಾ? ಒಳ್ಳೇದಾಯ್ತು. ಈಗ ನನ್ನ ಹತ್ರ ಎಂತದ್ದೂ ಮಾತಾಡ್ಬೇಡಿ. ನಾನು ಫೋನು ಸಾಮ್ರಾಟನ ಕಿವಿಗೆ ಕೊಡ್ತೇನೆ, ಒಮ್ಮೆ ಕರೀರಿ."

ಬಲಗಿವಿಯನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿ, ಫೋನನ್ನು ನಾಯಿಯ ಎಡಗಿವಿಗೆ ಹಿಡಿದರು. ಒಳಗಿನಿಂದ ಸಣ್ಣಗೆ "ಮೋನೇ" ಎಂಬ ದನಿ ಬಂದದ್ದೇ ಸಾಮ್ರಾಟನ ಬಾಲ ಜಗಲಿಯ ನೆಲವನ್ನು ಪಟಪಟ ಬಡಿಯತೊಡಗಿತು. ಕಿವಿ ಕೇಳುತ್ತಿತ್ತು! ಮಾಷ್ಟ್ರು ದೊಡ್ಡದೊಂದು ಉಸಿರು ಬಿಟ್ಟರು.

ಪರೀಕ್ಷೆ ಮುಗಿದಿತ್ತು. ಸಾಹೇಬರು ಮಾತ್ರ ನಿಲ್ಲಿಸಲಿಲ್ಲ. ಮೊಮ್ಮಗಳ ಮೂಗು ಯಾರ ಹಾಗೆ ಉಂಟು ಎಂದು ನಾಯಿಗೆ ವಿವರಿಸುತ್ತಿದ್ದರು.

ಮಾಷ್ಟ್ರು ಫೋನನ್ನು ಎಡಗಿವಿಯಿಂದ ತೆಗೆದರು. ಮತ್ತೆ, ಯಾವ ರೋಗವೂ ಇಲ್ಲದ ಬಲಗಿವಿಯ ಮೇಲಿಂದ ಅಂಗೈ ಸರಿಸಿ, ಅದಕ್ಕೂ ಹಿಡಿದರು.